ಗುಂಡಿಯ ದಡದಲ್ಲಿ ಉಳಿದ ಕಲ್ಲು

ಕಳೆದ ವಾರ ನಮ್ಮ ಬಾವಿಗೆ ಹೊಸ ಹಗ್ಗ ಬಂತು. ತೆಂಗಿನ ನಾರಿನದು, ಈಗ ಅದು ಸಿಗುವುದೇ ಅಪರೂಪ. ನೀರು ಕುಡಿದ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮುದುಕನಿಗೆ ತಲೆ ತಿರುಗಿತೆಂದು ಮನೆಯವರು ಗಾಬರಿಯಾದರು. ತಲೆ ಏನೂ ತಿರುಗಿರಲಿಲ್ಲ. ಹಗ್ಗದಂಗಡಿಯ ಕಾಕ ನೆನಪಾಗಿದ್ದರು, ಅಷ್ಟೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಬಂಟ್ವಾಳದಿಂದ ಶಿರ್ತಾಡಿಯ ಕಡೆಯ ಶಾಲೆಗೆ ಮಾಸ್ತರನಾಗಿ ಹೋದೆ. ಮೀಸೆ ಆಗಷ್ಟೇ ದಪ್ಪವಾಗುತ್ತಿತ್ತು, ಜಂಬ ಅದಕ್ಕಿಂತ ದಪ್ಪವಾಗಿತ್ತು. ರಸ್ತೆ ಬದಿಯಲ್ಲಿ, ಊರೆಲ್ಲ ಕಾಕ ಎನ್ನುತ್ತಿದ್ದ ಆ ಹಿರಿಯರ ಹಗ್ಗದಂಗಡಿ. ಊರಿನ ಯಾವ ಬಾವಿಗೆ ಕೊಡಪಾನ ಬಿದ್ದರೂ ಅವರಿಗೇ ಕರೆ. ಸೊಂಟಕ್ಕೆ ಹಗ್ಗ ಬಿಗಿದು ಮುಳುಗಿದರೆಂದರೆ ಮೇಲೆ ನಿಂತವರಿಗೇ ಉಸಿರು ಕಟ್ಟುತ್ತಿತ್ತು. ನನಗೆ ಈಜು ಬಾರದೆಂದು ತಿಳಿದ ದಿನ ಅವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

“ನೇತ್ರಾವತಿ ದಡದಲ್ಲಿ ಹುಟ್ಟಿ ಈಜು ಬರುವುದಿಲ್ವಾ? ಶನಿವಾರ ಗುಂಡಿಗೆ ಹೋಗುವ ಮಾಷ್ಟ್ರೇ, ನಾನು ಕಲಿಸ್ತೇನೆ.”

ಗುಂಡಿ ಇದ್ದದ್ದು ಊರ ಮೇಲಿನ ಪದವಿನಲ್ಲಿ, ಗುಡ್ಡದ ನೆತ್ತಿಯ ಬೋಳು ಬಯಲಿನಲ್ಲಿ. ಯಾವ ಕಾಲದಲ್ಲೋ ಮುರಕಲ್ಲಿನ ನೆಲ ತಾನಾಗಿಯೇ ಕುಸಿದು ದೊಡ್ಡ ಬಾವಿಯಷ್ಟು ಅಗಲಕ್ಕೆ ಬಾಯಿ ತೆರೆದಿತ್ತು. ಒಂದು ಮಗ್ಗುಲಲ್ಲಿ ಇಳಿಜಾರು, ಸೊಂಟದ ಮಟ್ಟದ ನೀರು. ಇನ್ನೊಂದು ಮಗ್ಗುಲಲ್ಲಿ ನೀರು ಬಂಡೆಯ ಅಡಿಗೆ ನುಸುಳಿ ಕತ್ತಲೆಯ ಗುಹೆಯೊಳಗೆ ಹೋಗುತ್ತಿತ್ತು. ಅದು ಎಲ್ಲಿ ಮುಗಿಯುತ್ತದೆಂದು ಕಾಕನಿಗೂ ಗೊತ್ತಿರಲಿಲ್ಲ.

ಅದಕ್ಕೇ ಅವರದೊಂದು ಕಟ್ಟುನಿಟ್ಟು ಇತ್ತು. ನೀರಿಗಿಳಿಯುವ ಪ್ರತಿಯೊಬ್ಬನೂ ದಡದಲ್ಲಿ ಒಂದು ಕಲ್ಲು ಇಡಬೇಕು. ಮೇಲೆ ಬಂದವನು ತನ್ನ ಕಲ್ಲನ್ನು ತಾನೇ ತೆಗೆದು ಎಸೆಯಬೇಕು. ಕಲ್ಲುಗಳ ಎಣಿಕೆ ಕಾಕನದು, ಕೊನೆಯ ಕಲ್ಲು ಹೋಗುವ ತನಕ ಅವರು ಮನೆಗೆ ಹೊರಡುತ್ತಿರಲಿಲ್ಲ.

ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಿಂದ ಜೋಡಿಸಿ ನನ್ನ ಹೊಟ್ಟೆಯಡಿಗೆ ಕೊಟ್ಟರು. ನನ್ನದೇ ಶಾಲೆಯ ಹುಡುಗರು ಮೀನಿನಂತೆ ಸುತ್ತ ಈಜುತ್ತಿದ್ದರೆ ಅವರ ಮಾಸ್ತರ ಕಾಯಿಗಳನ್ನು ತಬ್ಬಿಕೊಂಡು ತೇಲುತ್ತಿದ್ದ. ಮೂರನೆಯ ಶನಿವಾರ ಕಾಯಿ ಜಾರಿತು. ನಾನು “ಅಮ್ಮಾ!” ಎಂದು ಚೀರಿದೆ… ನೀರು ಇದ್ದದ್ದು ಸೊಂಟದವರೆಗೆ. ಹುಡುಗರು ಬಿದ್ದು ಬಿದ್ದು ನಕ್ಕರು. ನಾಚಿಕೆಯಿಂದ ನನಗೆ ಮೈಯೆಲ್ಲ ಉರಿಯಿತು. ಕಾಕ ಆಚೆ ಯಾರಿಗೋ ಮುಳುಗುವುದನ್ನು ಕಲಿಸುತ್ತಿದ್ದಾಗ ಅಂಗಿ ಎತ್ತಿಕೊಂಡು ಸದ್ದಿಲ್ಲದೆ ನನ್ನ ಬಾಡಿಗೆ ಕೋಣೆಗೆ ನಡೆದುಬಿಟ್ಟೆ. ಕಲ್ಲಿನ ನೆನಪೇ ಆಗಲಿಲ್ಲ.

ಎಲ್ಲರೂ ಹೊರಟಾಗ ದಡದಲ್ಲಿ ಒಂದು ಕಲ್ಲು ಉಳಿದಿತ್ತು. ಮಾಸ್ತರರ ಅಂಗಿ ಕಾಣುವುದಿಲ್ಲ, ಹೋಗಿರಬೇಕು ಎಂದು ಹುಡುಗರು ಹೇಳಿದರಂತೆ. “ಕಲ್ಲು ಉಂಟಲ್ಲ!” ಎಂದು ಕಾಕ ಗುಹೆಯ ಕಡೆ ಮುಳುಗಿದರಂತೆ. ಮತ್ತೆ ಮತ್ತೆ ಮುಳುಗಿದರು, ಪ್ರತಿ ಸಲವೂ ಇನ್ನಷ್ಟು ಆಳಕ್ಕೆ. ಹುಡುಗನೊಬ್ಬ ಓಡಿ ಬಂದು ನನ್ನನ್ನು ಕರೆದೊಯ್ದಾಗ ಅವರು ದಡದಲ್ಲಿ ಕುಳಿತು ಏದುಸಿರು ಬಿಡುತ್ತಿದ್ದರು. ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ನನ್ನನ್ನು ಕಂಡು ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿದರು. ಆಮೇಲೆ ಕೇಳಿದರು:

“ಕಲ್ಲು ತೆಗೆಯಲಿಲ್ವಾ ಮಾಷ್ಟ್ರೇ?”

ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಹೇಳಿದವರ ಅಂಗೈಗೆ ನಾನು ಬೆತ್ತದಿಂದ ಬಾರಿಸುತ್ತಿದ್ದೆ.

“ತೆಗೆದಿದ್ದೇನೆ,” ಎಂದೆ.

ಕಾಕ ಆ ಕಲ್ಲಿನತ್ತ ನೋಡಿದರು. “ಹಾಗಾದ್ರೆ ನನ್ನ ಎಣಿಕೆಯೇ ತಪ್ಪಿದ್ದು. ಮಾಷ್ಟ್ರು ಸುಳ್ಳು ಹೇಳ್ಲಿಕ್ಕುಂಟಾ? ಕಲ್ಲು ಹೆಚ್ಚಾದ್ರೆ ಅಡ್ಡಿಯಿಲ್ಲ ಮಾರಾಯ್ರೇ, ತಲೆ ಕಡಿಮೆ ಆಗಬಾರದು.”

ಆ ಎಡಗಿವಿ ಮತ್ತೆ ಕೇಳಿಸಲೇ ಇಲ್ಲ. ಅದಕ್ಕಿಂತ ನನ್ನನ್ನು ಕೊಂದದ್ದು ಇನ್ನೊಂದು. ಎಣಿಕೆ ತಪ್ಪುವವನ ಕೈಗೆ ಪರರ ಮಕ್ಕಳನ್ನು ಕೊಡಬಾರದೆಂದು ಅವರು ಗುಂಡಿಗೆ ಹೋಗುವುದನ್ನೇ ಬಿಟ್ಟರು. ಎಷ್ಟು ಜನ ಬೇಡಿದರೂ ಒಪ್ಪಲಿಲ್ಲ. ಆ ಜೋಡಿಕಾಯಿಗಳು ಅಂಗಡಿಯ ಮಾಡಿನಿಂದ ನೇತಾಡುತ್ತಿದ್ದವು. ನಾನು ದಿನಾ ಅವುಗಳ ಅಡಿಯಲ್ಲೇ ಹಾದು ಶಾಲೆಗೆ ಹೋಗುತ್ತಿದ್ದೆ. ಹೇಳಬೇಕು, ನಾಳೆ ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು…

ಬೆಳ್ತಂಗಡಿಗೆ ವರ್ಗವಾದಾಗ ವಿದಾಯ ಹೇಳಲು ಹೋದೆ. ಅವರು ಹಗ್ಗ ಹೊಸೆಯುತ್ತ ಕುಳಿತಿದ್ದರು. ಪಕ್ಕದಲ್ಲಿ ಕುಳಿತು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದೆ. ಆ ಕಲ್ಲು ನನ್ನದು, ನಿಮ್ಮ ಎಣಿಕೆ ಎಂದೂ ತಪ್ಪಿರಲಿಲ್ಲ ಎಂದೆ. ತಲೆಯೆತ್ತಿದಾಗ ಅವರ ಕೈ ಹಗ್ಗ ಹೊಸೆಯುತ್ತಲೇ ಇತ್ತು. ನಾನು ಕುಳಿತದ್ದು ಅವರ ಎಡಗಡೆ. ಬೇಕೆಂದೇ ಅಲ್ಲಿ ಕುಳಿತೆನೋ, ಇಂದಿಗೂ ನನಗೆ ಗೊತ್ತಿಲ್ಲ.

ನನ್ನ ತುಟಿ ಆಡಿದ್ದು ಕಂಡಿತೇನೋ, ಅವರು ಬಲಗಿವಿಯನ್ನು ನನ್ನತ್ತ ತಿರುಗಿಸಿ ಕೇಳಿದರು: “ಎಂತ ಹೇಳಿದ್ರಿ ಮಾಷ್ಟ್ರೇ?”

“ಮಳೆ ಬರುವ ಹಾಗುಂಟು ಅಂದೆ.”

“ಹೌದು, ಬರ್ತದೆ,” ಎಂದು ಅವರು ಆಕಾಶ ನೋಡಿದರು.

ಎರಡು ಮಳೆಗಾಲ ಕಳೆದ ಮೇಲೆ ಅವರು ತೀರಿಹೋದ ಸುದ್ದಿ ಬಂತು. ಈ ಹೊತ್ತು ಹೊಸ ಹಗ್ಗ ಬಾವಿಕಟ್ಟೆಯ ಮೇಲೆ ಒದ್ದೆಯಾಗಿ ಬಿದ್ದಿದೆ. ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ, ಅವರ ಬಲಗಿವಿಗೆ ಹೇಳಬೇಕಾಗಿದ್ದ ಮಾತನ್ನು.