ವಿಲಿಕೇಸನ ಬೆನ್ನು

ದೂರದ ದ್ವೀಪವೊಂದರ ಬುಆ ಕರಾವಳಿಯ ಆ ಊರಿನಲ್ಲಿ ವಿಲಿಕೇಸನ ಬೆನ್ನನ್ನು ಹೊಗಳದವರಿರಲಿಲ್ಲ. ಭಾನುವಾರ ಆರಾಧನೆಗೆ ಕರೆಯುವ ಮರದ ಡೋಲಿನ ಸದ್ದು ಕೇಳುತ್ತಿದ್ದಂತೆ ಅವನು ನೇಮಾನಿಯ ಮನೆಗೆ ಹೋಗಿ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂರುವನು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ್ದ ನೇಮಾನಿಯನ್ನು ಹೆಂಡತಿ ವಾಸೀತಿ ಆ ಬೆನ್ನಿಗೆ ಏರಿಸುವಳು. ಆಮೇಲೆ ದಿಬ್ಬ ಹತ್ತಿ ಚರ್ಚಿನವರೆಗೂ ಇಬ್ಬರದೂ ಬಾಯಿಗೆ ಬಿಡುವಿಲ್ಲ.

"ಭಾವ, ಕುದುರೆಗೆ ವಯಸ್ಸಾಯ್ತು ಕಣೋ. ಉಬ್ಬಸ ಬರ್ತಿದೆ," ಎಂದು ನೇಮಾನಿ ಬೆನ್ನ ಮೇಲಿನಿಂದ ಕೆಣಕುವನು.

"ಕುದುರೆಗಲ್ಲ, ಸವಾರನಿಗೆ ಹೊಟ್ಟೆ ಬಂದಿದೆ. ಮರಗೆಣಸು ಸ್ವಲ್ಪ ಕಮ್ಮಿ ತಿನ್ನು."

ವಿಲಿಕೇಸನ ತಾಯಿ, ನೇಮಾನಿಯ ತಂದೆ ಒಡಹುಟ್ಟಿದವರು. ಭಾವಂದಿರು ಎದುರಾದಾಗ ಕೆಣಕದಿದ್ದರೆ ಆ ಊರಿನಲ್ಲಿ ಮುನಿಸೆಂದೇ ಲೆಕ್ಕ. ಆದರೆ ಪಾದ್ರಿಗಳು ಪ್ರಸಂಗದ ನಡುವೆ, "ನಡೆಯಲಾಗದ ರೋಗಿಯನ್ನು ಗೆಳೆಯರು ಮನೆಯ ಚಾವಣಿ ಬಿಚ್ಚಿ ಯೇಸುವಿನ ಮುಂದೆ ಇಳಿಸಿದರಲ್ಲ, ಅಂಥ ಗೆಳೆಯ ನಮ್ಮ ವಿಲಿಕೇಸ," ಎಂದು ಹೊಗಳಿದಾಗಲೆಲ್ಲ ಅವನು ಚಾಪೆಯ ಹೆಣಿಗೆಯನ್ನೇ ನೋಡುತ್ತ ಕೂರುತ್ತಿದ್ದ. ವಿನಯವೆಂದುಕೊಂಡು ಜನ ಇನ್ನಷ್ಟು ಮೆಚ್ಚುತ್ತಿದ್ದರು.

ಅದು ವಿನಯವಾಗಿರಲಿಲ್ಲ.

ನೇಮಾನಿಯ ಕಾಲು ಚೆನ್ನಾಗಿದ್ದ ದಿನಗಳು; ಕಡಲಸೌತೆ ಎಂಬ ಮೆತ್ತನೆಯ ಕಡಲಜೀವಿಗೆ ಒಳ್ಳೆಯ ಬೆಲೆಯಿದ್ದ ಕಾಲವದು. ಬಂಡೆಸಾಲಿನಾಚೆ ಆಳದಲ್ಲಿ, ಮರಳಿನ ಮೇಲೆ ದಪ್ಪ ಜಿಗಣೆಗಳಂತೆ ಬಿದ್ದಿರುವ ಅವನ್ನು ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಆರಿಸಿ ತರಬೇಕು. ದೋಣಿ ವಿಲಿಕೇಸನದು, ಮುಳುಗುವುದರಲ್ಲಿ ನೇಮಾನಿಯನ್ನು ಮೀರಿಸಿದವರಿರಲಿಲ್ಲ. ಆ ದಿನ ಪಕ್ಕದೂರಿನ ದೋಣಿಯೂ ಪೈಪೋಟಿಗೆ ಅಲ್ಲೇ ಬಂದು ನಿಂತಿತ್ತು. ಮೇಲೆ ಬಂದ ನೇಮಾನಿ ದೋಣಿಯ ಅಂಚು ಹಿಡಿದು, ವಿಲಿಕೇಸನೊಬ್ಬನಿಗೇ ಕೇಳಿಸುವಂತೆ, "ಭಾವ, ತೋಳು ಜುಮುಗುಡ್ತಿದೆ. ಭುಜ ನೋಯ್ತಿದೆ. ಸಾಕನಿಸುತ್ತೆ," ಎಂದ. ಆ ಜುಮುಗುಡುವಿಕೆ ಎಂದರೇನೆಂದು ವಿಲಿಕೇಸನಿಗೆ ಗೊತ್ತಿತ್ತು. ಆಳಕ್ಕೆ ಪದೇಪದೇ ಮುಳುಗಿ ಏಳುವವರ ರಕ್ತದಲ್ಲಿ ಗಾಳಿಗುಳ್ಳೆ ಕಟ್ಟುವ ರೋಗವದು; ಅದೇ ತೀರದಲ್ಲಿ ಹಾಗೆಯೇ ಶುರುವಾಗಿ ಒಬ್ಬ ಸತ್ತಿದ್ದ. ಆದರೂ ಪಕ್ಕದ ದೋಣಿಯವರಿಗೂ ಕೇಳಲೆಂದು ಗಟ್ಟಿಯಾಗಿ ನಕ್ಕು, "ಅಯ್ಯೋ, ನಮ್ಮ ಭಾವನಿಗೆ ಮೈ ನೋವಂತೆ! ಯಾರಾದ್ರೂ ಹೆಂಗಸರ ಲಂಗ ಇದ್ರೆ ಕೊಡ್ರೋ!" ಎಂದುಬಿಟ್ಟ. ಬರೀ ತಮಾಷೆಯೆಂದುಕೊಂಡು ಎರಡೂ ದೋಣಿಗಳಲ್ಲಿ ನಗು ಎದ್ದಿತು. ನೇಮಾನಿಯೂ ನಕ್ಕು ಮತ್ತೆ ಮುಳುಗಿದ.

ಮುಂದಿನ ಸಲ ಮೇಲೆ ಬಂದವನನ್ನು ಎತ್ತಿ ಮಲಗಿಸಬೇಕಾಯಿತು. ಆಮೇಲೆ ಕಾಲು ಏಳಲೇ ಇಲ್ಲ.

ತನ್ನ ದೋಣಿಯಲ್ಲಾದ ಅನಾಹುತಕ್ಕೆ, ಪದ್ಧತಿಯಂತೆ ವಿಲಿಕೇಸ ಕ್ಷಮಾಪಣೆಯ ಕಾಣಿಕೆಯಾದ ತಿಮಿಂಗಿಲದ ಹಲ್ಲು ಹಿಡಿದು ಊರಿನ ಹಿರಿಯರ ಮುಂದೆ ಮಂಡಿಯೂರಿ ಕ್ಷಮೆ ಬೇಡಿದ. ಹಲ್ಲನ್ನು ಸ್ವೀಕರಿಸಿದರು, ಕ್ಷಮಿಸಿದರು, ಎಲ್ಲರೂ ಅತ್ತರು. "ಆಪತ್ತು ಬರೋ ಸೂಚನೆ ಇತ್ತೇನಪ್ಪ?" ಎಂದು ಹಿರಿಯರೊಬ್ಬರು ಕೇಳಿದಾಗ ಅವನ ಬಾಯಿಂದ, "ಇಲ್ಲ, ಯಾರಿಗೂ ಏನೂ ಗೊತ್ತಾಗ್ಲಿಲ್ಲ," ಎಂಬ ಮಾತು ಬಂತು. ಚಾಪೆಯ ಮೇಲೆ ಮಲಗಿದ್ದ ನೇಮಾನಿ ಸುಮ್ಮನಿದ್ದ. ಮುಂದಿನ ಭಾನುವಾರದಿಂದ ವಿಲಿಕೇಸ ಬೆನ್ನು ಕೊಟ್ಟ. ಚರ್ಚಿನ ಸಭೆಯವರು ಅವನನ್ನು ಸಭೆಯ ಹಿರಿಯನನ್ನಾಗಿ ಆರಿಸಿದರು. ಅವನಷ್ಟು ಉದ್ದದ ಪ್ರಾರ್ಥನೆ ಮಾಡುವವರು ಇರಲಿಲ್ಲ. ಮಾತು ನಿಲ್ಲಿಸಿದರೆ ಒಳಗಿನದು ಕೇಳಿಸೀತೆಂದು ಅವನಿಗೆ ಭಯ.

ಹೀಗೆ ವರ್ಷಗಳು ಕಳೆದವು. ಒಂದು ಭಾನುವಾರ ದಿಬ್ಬದ ಅರ್ಧದಲ್ಲಿ ವಿಲಿಕೇಸನ ಸೊಂಟದಲ್ಲಿ ಏನೋ ಲಟಕ್ಕೆಂದಿತು. ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಜನ ಓಡಿಬಂದು, ಹತ್ತಿರವಾಯಿತೆಂದು ನೇಮಾನಿಯ ಮನೆಗೇ ಹೊತ್ತುತಂದು ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ವಾಸೀತಿ ನರ್ಸನ್ನು ಕರೆತರಲು ಹೋದಳು, ಉಳಿದವರು ಆರಾಧನೆಗೆ ಹೊರಟರು. ಮೇಲಿನಿಂದ ಹಾಡು ಕೇಳಿಬರುತ್ತಿತ್ತು.

"ಕುದುರೆ ಕೊನೆಗೂ ಮಲಗಿಬಿಡ್ತಲ್ಲ ಭಾವ," ನೇಮಾನಿ ನಕ್ಕ.

ವಿಲಿಕೇಸ ನಗಲಿಲ್ಲ. "ಇನ್ಮೇಲೆ ನಿನ್ನ ಯಾರು ಹೊರ್ತಾರೆ?"

"ಯಾರೋ ಹೊರ್ತಾರೆ. ಇಲ್ದಿದ್ರೆ ಇಲ್ಲೇ ಹಾಡ್ಕೋತೀನಿ."

"ಹಂಗಲ್ಲ. ನಾನೇ ಹೊರ್ಬೇಕು. ಹೊರಕ್ಕಾಗ್ದೇ ಇದ್ರೆ..." ಮಗ್ಗುಲಾಗಲೂ ಆಗದೆ ಸೂರಿನತ್ತ ನೋಡುತ್ತಲೇ ಹೇಳಿದ: "ಅವತ್ತು ತೋಳು ಜುಮುಗುಡ್ತಿದೆ ಅಂದ್ಯಲ್ಲ. ನಂಗೆ ಕೇಳಿಸಿತ್ತು. ಅದೇನು ಅಂತ್ಲೂ ಗೊತ್ತಿತ್ತು."

ನೇಮಾನಿಯ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಕೇಳಿಸಿತ್ತು ಅಂತ ನಂಗೊತ್ತಿಲ್ವೇನೋ? ಹಿರಿಯರ ಮುಂದೆ ಸುಳ್ಳು ಹೇಳ್ದಾಗ ಎದ್ದು ನಿನ್ನ ಕುತ್ತಿಗೆ ಹಿಸುಕ್ಬೇಕು ಅನ್ನಿಸ್ತು. ಏಳೋಕೆ ಕಾಲಿರ್ಲಿಲ್ಲ. ಇಷ್ಟು ವರ್ಷ ನೀನು ನಂಗೆ ಬೆನ್ನು ಕೊಟ್ಟೆ ಭಾವ. ಮುಖ ಮಾತ್ರ ಕೊಡ್ಲಿಲ್ಲ."

ವಿಲಿಕೇಸ ಅಳತೊಡಗಿದ. ಅಳು ಬಂದರೆ ಸೊಂಟ ನೋಯುತ್ತಿತ್ತು. ಆದರೂ ತಡೆಯಲಾಗಲಿಲ್ಲ.

"ನೀನ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳ್ಬೇಕು ಅಂತಲೇ ಇದ್ದೆ. ಮೊದಲ ವರ್ಷ ದೇವರನ್ನೂ ಬೈದೆ, ನಿನ್ನನ್ನೂ ಬೈದೆ. ಒಂದಿನ ವಾಸೀತಿ ಹೊಲಸು ತೊಳೀತಿದ್ಲು. ಕೂಸಿನ ಥರ ಬಿದ್ಕೊಂಡಿದ್ದೆ. ಆವಾಗ ಬಾಯಿಗೆ ಬಂದದ್ದು ಒಂದೇ ಮಾತು, 'ನನ್ನ ಕೈಲಾಗಲ್ಲಪ್ಪ.' ನನ್ನ ಜನ್ಮದಲ್ಲಿ ಅದೇ ಮೊದಲ್ನೇ ಪ್ರಾರ್ಥನೆ. ಅದಕ್ಕಿಂತ ಮುಂಚೆ ಮಾಡಿದ್ದೆಲ್ಲ ಬರೀ ಬಾಯಿಪಾಠ. ಆಮೇಲೆ ಊರಿಗೆಲ್ಲ ಹೇಳ್ಬೇಕು ಅನ್ನೋ ಛಲ ಇಳೀತು. ಅವತ್ತಿಂದ ಒಂದೊಂದು ದಿನ ಯಾರೋ ಎತ್ಕೊಂಡು ಹೋಗ್ತಿರೋ ಹಾಗೆ ಸಾಗ್ತಿದೆ. ನಿಂಗೆ ಆ ಮಾತು ಬರ್ಲೇ ಇಲ್ಲ. ನಿಂಗೆ ಬೆನ್ನಿತ್ತಲ್ಲ. ಹೊತ್ತೂ ಹೊತ್ತೂ ಸಾಲ ತೀರಿಸ್ತೀನಿ ಅಂತ ನೀನು ಅಂದ್ಕೊಂಡೆ." ನೇಮಾನಿ ತೆವಳಿ ಹತ್ತಿರ ಬಂದು ಅವನ ಎದೆಯ ಮೇಲೆ ಕೈಯಿಟ್ಟ. "ಈಗ ಪ್ರಾರ್ಥನೆ ಮಾಡು."

ಉದ್ದುದ್ದ ಪ್ರಾರ್ಥನೆಯ ಹಿರಿಯನಿಗೆ ಒಂದು ವಾಕ್ಯವೂ ಹೊಳೆಯಲಿಲ್ಲ. "ಕರ್ತನೇ, ನನ್ನ ಕೈಲಾಗಲ್ಲ," ಎಂದಷ್ಟೇ ತೊದಲಿದ.

"ಆಮೆನ್," ಎಂದ ನೇಮಾನಿ.

ಅಲ್ಲಿಗೆ ಮುಗಿದಿದ್ದರೆ ಸುಲಭವಾಗಿತ್ತು. ಮುಂದಿನ ತಿಂಗಳು ಊರಿನ ಹುಡುಗರು ಮತ್ತೆ ಸಿಲಿಂಡರ್ ತರಿಸಿದರೆಂದು ತಿಳಿದು ವಿಲಿಕೇಸ ಎರಡು ಕೋಲೂರಿಕೊಂಡು ಚರ್ಚಿನಲ್ಲಿ ಎಲ್ಲರ ಮುಂದೆ ತನ್ನ ಸಾಕ್ಷಿ ಹೇಳಲು ನಿಂತ. ತೋಳಿನ ವಿಷಯ ಹೇಳಿದ, ಲಂಗದ ತಮಾಷೆ ಹೇಳಿದ, ಹಿರಿಯರಿಗೆ ಹೇಳಿದ ಸುಳ್ಳನ್ನೂ ಹೇಳಿದ. ಹಿರಿಯನ ಸ್ಥಾನ ಹೋಯಿತು. ಒಂದು ದೋಣಿಯ ಹುಡುಗರು ಸಿಲಿಂಡರ್ ಹಿಂದಿರುಗಿಸಿದರು. ಇನ್ನೊಂದು ದೋಣಿಯವರು, "ಮುದುಕನಿಗೆ ತಲೆ ಕೆಟ್ಟಿದೆ," ಎಂದು ಹೊರಟೇಹೋದರು. ಆ ದೋಣಿ ಮರಳುವವರೆಗೂ ವಿಲಿಕೇಸ ಪ್ರತಿದಿನ ತೀರದಲ್ಲಿ ಕೂತು ಕಾಯುತ್ತಿದ್ದ.

ಆದರೆ ವಾಸೀತಿಗೆ ಇದೊಂದೂ ಗೊತ್ತಿರಲಿಲ್ಲ. ಗಂಡ ಅವಳಿಗೂ ಹೇಳಿರಲಿಲ್ಲ. ಚರ್ಚಿನಲ್ಲೇ, ಎಲ್ಲರ ಜೊತೆ, ಮೊದಲ ಸಲ ಕೇಳಿದ್ದಳು. ಆ ದಿನದಿಂದ ಅವಳು ವಿಲಿಕೇಸನತ್ತ ಮುಖವೆತ್ತಲಿಲ್ಲ. ಅವನು ಸಂಜೆ ಸಂಜೆ ಬಂದು ನೇಮಾನಿಯ ಪಕ್ಕ ಕೂತು ಬಲೆ ಹೆಣೆದು ಹೋಗುತ್ತಿದ್ದ. ಅವಳು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಒಂದು ಸಂಜೆ ಬಂದಳು. ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ, ಒಂದು ತುಂಡು ಮೀನು ಇದ್ದ ತಟ್ಟೆಯನ್ನು ಅವನ ಮುಂದಿಟ್ಟಳು.

"ಕ್ಷಮಿಸಿಬಿಟ್ಲು ಅಂದ್ಕೋಬೇಡ ಅಣ್ಣ," ಎಂದಳು. "ಇನ್ನೂ ಆಗಿಲ್ಲ. ನನ್ನ ಕೈಲಾಗ್ತಿಲ್ಲ, ನೀನೇ ಮಾಡಿಸು ಅಂತ ದಿನಾ ದೇವರನ್ನ ಕೇಳ್ಕೋತಿದ್ದೀನಿ. ಆರಿಹೋಗುತ್ತೆ, ತಿನ್ನು."

ವಿಲಿಕೇಸ ತಲೆ ತಗ್ಗಿಸಿಕೊಂಡೇ ತಿಂದ. ವಾಸೀತಿ ಒಳಗೆ ಹೋಗದೆ, ಬಾಗಿಲಿಗೆ ಒರಗಿ, ಅವನು ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.