ತೊಯ್ದ ಕೌದಿಗೆ ಮೂರು ರೋಗ

ಬೆಳಿಗ್ಗೆ ರೊಟ್ಟಿ ಬಡಿದೆ. ಅತ್ತೆಯವರ ಬಿ.ಪಿ. ಗುಳಿಗೆಯನ್ನು ಚಹಾದ ಬಟ್ಟಲಿನ ಪಕ್ಕ ಇಟ್ಟು, ಅವರು ನುಂಗುವ ತನಕ ಎದುರಿಗೇ ನಿಂತೆ. ನಳ ಬಂದಿತ್ತು, ಹಂಡೆ ತುಂಬಿಸಿದೆ. ಮೆಂತ್ಯದ ಸೊಪ್ಪು ಸೋಸಿದೆ. ಧಾರವಾಡದ ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನು ಮಾಡಿ, ನಾಷ್ಟಾ ಮಾಡಿದೆಯಾ ಎಂದು ಕೇಳಿ, ಮಾಡಿಲ್ಲ ಎಂದು ತಿಳಿದುಕೊಂಡೆ. ಅತ್ತೆಯವರು ಗುಳಿಗೆ ನುಂಗುವ ಗಡಿಬಿಡಿಯಲ್ಲಿ ಚಹಾ ಚೆಲ್ಲಿದ ಕೌದಿಯನ್ನು ಮಾಳಿಗೆಯ ಮೇಲೆ ಒಯ್ದು ತೊಳೆದೆ.

ಚಹಾ ಚೆಲ್ಲಿದ್ದು ಅಂತ ನಾನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಮನೆಯ ಕೌದಿಗೆ ಬ್ಯಾಡಗಿಯ ನಮ್ಮ ಓಣಿಯಲ್ಲಿ ಒಂದು ಇತಿಹಾಸವಿದೆ. ಅದನ್ನು ಹಳೇ ಸೀರೆಗಳಿಂದ ಹೊಲಿದುಕೊಟ್ಟ ಪಕ್ಕದ ಮನೆಯ ಆಪಾ ಇವತ್ತೂ ತಮ್ಮ ಮಾಳಿಗೆಯಿಂದಲೇ ಕೇಳಿದರು.

"ಮತ್ತ ಕೌದಿ ಏನ್ರಿ ವೈನಿ? ನಾ ಹೊಲಿದು ಕೊಟ್ಟಿದ್ದು ಹೊದಿಯಾಕ, ಒಗ್ಯಾಕಲ್ಲ. ಹಿಂಗಾದ್ರ ಹೊಲಿಗಿ ಬಿಡತಾವ ನೋಡ್ರಿ."

ಚಹಾ ಅಂದೆ. ಅವರು ಹೌದೌದು ಅಂದರು. ಆ ಹೌದೌದಿನಲ್ಲಿ ನಂಬಿಕೆ ಲವಲೇಶವೂ ಇರಲಿಲ್ಲ.

ಇತಿಹಾಸ ಶುರುವಾದದ್ದು ಮಗಳು ಹಾಸ್ಟೆಲಿಗೆ ಹೋದ ಮೇಲೆ. ಅಲ್ಲಿಯವರೆಗೆ ನಮ್ಮ ಸಂಸಾರ ನಡೆದದ್ದು ಹೇಗೆಂದರೆ, ಒಂದು ಕಿವಿ ಬಾಗಿಲಿನ ಕಡೆ, ಇನ್ನೊಂದು ಕಿವಿ ಮಗಳ ಕೆಮ್ಮಿನ ಕಡೆ. ಉಳಿದದ್ದೇನಾದರೂ ಇದ್ದರೆ ಗಂಡನಿಗೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನಮಗೆ ಚಿಲಕ ಹಾಕುವ ಒಂದು ಕೋಣೆ ಸಿಕ್ಕಿತು. ನಲವತ್ತಾರನೆಯ ವಯಸ್ಸಿನಲ್ಲಿ, ಮಂಡಿ ನೋಯಲು ಸುರುವಾದ ಹೊತ್ತಿನಲ್ಲಿ, ಅವಸರವಿಲ್ಲದೆ ಒಬ್ಬರ ಬಳಿ ಒಬ್ಬರು ಇರುವುದು ಅಂದರೇನು ಅಂತ ಗೊತ್ತಾಯಿತು. ಹಾಗೆ ಗೊತ್ತಾದ ಒಂದು ದಿನ, ಸುಖ ತುದಿ ಮುಟ್ಟಿದ ಗಳಿಗೆಯಲ್ಲಿ, ನನ್ನ ಮೈಯಿಂದ ನೀರು ಹೊರಟು ಹಾಸಿದ್ದ ಕೌದಿ ತೊಯ್ದು ಹೋಯಿತು.

ನಾನು ಅದನ್ನು ಉಚ್ಚೆ ಎಂದೇ ತಿಳಿದೆ. ಬೇರೆ ಏನೆಂದು ತಿಳಿಯಬೇಕಿತ್ತು? ಮೆಣಸಿನಕಾಯಿ ತೊಟ್ಟಿಗೆ, ರೊಟ್ಟಿಯ ಅಂಚಿಗೆ, ಎಮ್ಮೆಯ ಕೊಂಬಿನ ಡೊಂಕಿಗೆ ನಮ್ಮಲ್ಲಿ ಹೆಸರುಂಟು. ಇದರ ಬಗ್ಗೆ ತಾಯಿ ಹೇಳಲಿಲ್ಲ, ಅಕ್ಕ ಹೇಳಲಿಲ್ಲ, ಶಾಲೆಯಲ್ಲಿ ಆ ಪಾಠ ಬಂದಾಗ ಟೀಚರು ಮನೆಯಲ್ಲಿ ಓದಿಕೊಳ್ಳಿ ಎಂದಿದ್ದರು. ಮನೆಯಲ್ಲಿ ಯಾರ ಎದುರು ಓದುವುದು, ಅಜ್ಜನ ಎದುರು?

ಗುಟ್ಟಾಗಿ ತೊಳೆದುಬಿಡಬಹುದಿತ್ತು, ಅದು ಕೌದಿಯಲ್ಲದೆ ಬೆಡ್‌ಶೀಟ್ ಆಗಿದ್ದರೆ. ನೀರು ಕುಡಿದ ಕೌದಿ ಕರುವಿನಷ್ಟು ಭಾರ. ಒಬ್ಬರು ಹಿಂಡಲು ಬರುವುದಿಲ್ಲ. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಎದುರು ಬದುರಾಗಿ ತಿರುವಬೇಕು. ಆ ತುದಿಗೆ ಅತ್ತೆಯವರು ಬಂದರು. ಎರಡು ಸಲ ಸುಮ್ಮನೆ ಹಿಂಡಿದರು. ಮೂರನೆಯ ಸಲ ಕೌದಿ ತಿರುವುತ್ತಲೇ ರೋಗ ಹೇಳಿದರು: ಮೈಯಲ್ಲಿ ಉಷ್ಣ ಆಗಿದೆ.

ಇದು ಮೊದಲನೆಯ ರೋಗ. ಔಷಧಿ, ಖಾರ ಬಂದ್. ಯಾವ ಊರಿನ ಮೆಣಸಿನಕಾಯಿಯಿಂದ ನಾಡಿನ ಸಾರೆಲ್ಲ ಕೆಂಪಾಗುತ್ತದೋ ಆ ಊರಿನಲ್ಲಿ, ಮೆಣಸಿನಕಾಯಿ ಪೇಟೆಯಲ್ಲೇ ದುಡಿಯುವವರ ಮನೆಯಲ್ಲಿ, ನಾವು ಬಾಣಂತಿಯರ ಹಾಗೆ ಬಿಳೀ ಸಾರು ಉಂಡೆವು. ಮಜ್ಜಿಗೆಗೆ ಜೀರಿಗೆ ಬಿತ್ತು. ಸಂಜೆ ದೀಪ ಹಚ್ಚಿದ ಮೇಲೆ ನನಗೆ ನೀರೂ ಬಂದ್ ಆಯಿತು. ಉಷ್ಣಕ್ಕೆ ನೀರು ಬಿಡಿಸುವ ವೈದ್ಯವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎರಡನೆಯ ರೋಗ ರಾಣೇಬೆನ್ನೂರಿನಲ್ಲಿ ಸಿಕ್ಕಿತು. ಒಂದು ದವಾಖಾನೆಗೆ ಹೋದೆ. ಡಾಕ್ಟರು ಗಂಡಸರು, ಹೊರಗೆ ಪಾಳಿ ದೊಡ್ಡದು, ಬಾಗಿಲು ಅರ್ಧ ತೆರೆದೇ ಇತ್ತು. ನಾನು ಉಚ್ಚೆ ತಡೆಯುವುದಿಲ್ಲ ಅಂದೆ. ಕೆಮ್ಮಿದಾಗಲೋ ಎಂದು ಕೇಳಿದರು. ಆ ಬಾಗಿಲನ್ನು ನೋಡಿ ನಾನು ಹೂಂ ಅಂದೆ. ಅವರೂ ತೃಪ್ತರಾದರು. ಉಚ್ಚೆ ಪರೀಕ್ಷೆ, ಸಕ್ಕರೆ ಪರೀಕ್ಷೆ, ಸ್ಕ್ಯಾನಿಂಗು. ಎಲ್ಲದರಲ್ಲೂ ನಾನು ಪಾಸಾದೆ. ಪಾಸಾದ್ದಕ್ಕೆ ಬಹುಮಾನವಾಗಿ ಗುಳಿಗೆ ಬರೆದು, ಕಡಿಮೆಯಾಗದಿದ್ದರೆ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಆಪರೇಷನ್ ಬಗ್ಗೆ ವಿಚಾರ ಮಾಡೋಣ ಎಂದರು. ಸಣ್ಣದೆಂಬುದು ಅವರ ಕಡೆಯಿಂದ ನೋಡಿದಾಗ.

ಮೂರನೆಯ ರೋಗವನ್ನು ಕಂಡುಹಿಡಿದವರು ನಮ್ಮ ಮನೆಯವರು. ಆದರೆ ಅದನ್ನು ನನಗೆ ಹೇಳಲಿಲ್ಲ. ಅವರು ದಲಾಲಿ ಅಂಗಡಿಯಲ್ಲಿ ಮಾಲು ನೋಡುವವರು. ಮೆಣಸಿನಕಾಯಿಯನ್ನು ಮುರಿದು, ಮೂಸಿ, ಬೀಜ ಅಲುಗಿಸಿ ದರ ಹೇಳುವವರು. ಸೀಜನ್ನಿನಲ್ಲಿ ಅವರ ಕೈಯ ಘಾಟು ಯಾವ ಸಾಬೂನಿಗೂ ಬಗ್ಗುವುದಿಲ್ಲ. ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ತೊಳೆಯಬೇಕು. ಅವರು ಸಂಜೆ ಅಡುಗೆಮನೆಗೆ ಬಂದು ಕಡಲೆಹಿಟ್ಟು ಕೇಳಿದರೆ, ಆ ದಿನ ಅವರಿಗೆ ನನ್ನ ನೆನಪಿದೆ ಎಂದು ಅರ್ಥ. ನಮ್ಮಿಬ್ಬರ ನಡುವೆ ಪ್ರೇಮಪತ್ರವೆಂದು ಏನಾದರೂ ಇದ್ದರೆ ಅದು ಅಷ್ಟೇ, ಒಂದು ಹಿಡಿ ಹಿಟ್ಟು. ಆ ಹಿಟ್ಟು ಕೇಳುವುದನ್ನು ಅವರು ನಿಲ್ಲಿಸಿದರು. ಆಮೇಲೆ ಸೊಂಟನೋವೆಂದು ಹೇಳಿ ಹಾಸಿಗೆಯನ್ನೇ ಪಡಸಾಲೆಗೆ ಒಯ್ದರು.

ನನಗೆ ಅನ್ನಿಸಿದ್ದು ಸರಳ: ಹೇಸಿಗೆ ಬಂದಿದೆ. ಅವರನ್ನು ಕೇಳುವ ಧೈರ್ಯವಾಗಲಿಲ್ಲ. ಖಾರವಿಲ್ಲದ್ದನ್ನು ತಡೆದುಕೊಂಡೆ, ನೀರಿಲ್ಲದ್ದನ್ನು ತಡೆದುಕೊಂಡೆ. ಆದರೆ ಚಿಲಕವಿರುವ ಕೋಣೆ ಸಿಕ್ಕು, ಅದರೊಳಗೆ ಒಬ್ಬಳೇ ಮಲಗುವುದಿದೆಯಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಆಪರೇಷನ್ನಿಗೆ ಹೂಂ ಅನ್ನುವ ತನಕ ಬಂದೆ. ಅನ್ನುವ ಮೊದಲು ಇನ್ನೊಬ್ಬರನ್ನು ಕೇಳೋಣವೆಂದು ಹಾವೇರಿಯ ಒಬ್ಬ ಲೇಡಿ ಡಾಕ್ಟರ ಬಳಿ ಹೋದೆ. ಮನೆಯವರೂ ಬಂದರು, ಅಪರಾಧಿಯ ಹಾಗೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತು.

ಆ ಡಾಕ್ಟರು ಮೊದಲು ಬಾಗಿಲು ಹಾಕಿಸಿದರು. ಕೆಮ್ಮಿದರೆ ಆಗುತ್ತದಾ? ಇಲ್ಲ. ನಕ್ಕರೆ, ಕೊಡ ಎತ್ತಿದರೆ? ಇಲ್ಲ. ಉರಿ? ಇಲ್ಲ. ಹಾಗಾದರೆ ಯಾವಾಗ? ನಾನು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಕೂಸಿನ ಮುಖ ನೋಡುತ್ತಾ, ಮನೆಯವರ ಜೊತೆಗಿದ್ದಾಗ ಅಂದೆ.

"ಆವಾಗ ನಿಮಗ ಚಲೋ ಅನಸ್ತಿರತೈತೇನ್ರಿ?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೂಡ. ಕದ್ದದ್ದನ್ನು ಒಪ್ಪಿಕೊಳ್ಳುವ ದನಿಯಲ್ಲಿ ಹೂಂ ಅಂದೆ.

ಅವರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಮೂತ್ರದ ದಾರಿಯ ಪಕ್ಕದಲ್ಲೇ ಸಣ್ಣ ಗ್ರಂಥಿಗಳಿವೆ. ಸುಖದ ತುದಿಯಲ್ಲಿ ಕೆಲವು ಹೆಂಗಸರಿಗೆ ಅಲ್ಲಿಂದ ಒಸರುತ್ತದೆ. ಕೆಲವೊಮ್ಮೆ ಚಮಚೆಯಷ್ಟು, ಹಾಲಿನ ಬಣ್ಣ. ಕೆಲವೊಮ್ಮೆ ನೀರಿನಂತೆ ತೆಳ್ಳಗೆ, ಬಹಳ, ಆಗ ಮೂತ್ರಕೋಶದ ನೀರೂ ಅದರಲ್ಲಿ ಕೂಡಿರುತ್ತದೆ. ಎರಡೂ ರೋಗವಲ್ಲ. ಕೆಲವರಿಗೆ ಆಗುತ್ತದೆ, ಬಹಳ ಜನರಿಗೆ ಆಗುವುದಿಲ್ಲ, ಅದೇ ಹೆಂಗಸಿಗೆ ಒಮ್ಮೆ ಆಗಿ ಒಮ್ಮೆ ಆಗದೆಯೂ ಇರುತ್ತದೆ; ಆಗದಿದ್ದರೆ ಸುಖವಾಗಲಿಲ್ಲ ಅಂತಲೂ ಅಲ್ಲ. ಉರಿ ಬಂದರೆ, ಕೆಮ್ಮಿದಾಗ ಹೋದರೆ, ಆಗ ಬನ್ನಿ. ಆಪರೇಷನ್ ಮಾತು ಬಿಡಿ, ನೀರು ಕುಡಿಯಿರಿ. ಒಂದು ಟವೆಲ್ ಹಾಸಿಕೊಳ್ಳಿ, ಕೌದಿ ಬೇಡ.

ಟವೆಲ್ಲಿನ ವಿಚಾರ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆಮೇಲೆ ಮನೆಯವರನ್ನು ಒಳಗೆ ಕರೆಸಿದರು. ಅವರು ಕುಳಿತುಕೊಳ್ಳುವ ಮೊದಲೇ ತಪ್ಪೊಪ್ಪಿಗೆ ಸುರು ಮಾಡಿದರು.

"ತಪ್ಪು ನಂದು ಐತ್ರಿ ಡಾಕ್ಟರ್. ನಂದು ಮೆಣಸಿನಕಾಯಿ ಧಂದೆ. ಎಷ್ಟು ತೊಳದ್ರೂ ಕೈಯಾನ ಘಾಟು ಪೂರಾ ಹೋಗಂಗಿಲ್ಲ. ಕಣ್ಣಿಗೆ ಹತ್ತಿದ್ರ ಕಣ್ಣಾಗ ನೀರು ಬರತಾವಲ್ರಿ, ಹಂಗ ಇಕಿಗೂ ಆಗೇತಿ. ಅದಕ್ಕ ನಾ ದೂರ ಮಲಗಾಕತ್ತೇನ್ರಿ."

ಡಾಕ್ಟರು ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಹೊರಗಿನ ಬೇವಿನ ಗಿಡ ನೋಡಿದರು. ಅವರ ಹೆಗಲು ಅಲುಗುತ್ತಿತ್ತು. ತಿರುಗಿದ ಮೇಲೆ, ಘಾಟು ಹತ್ತಿದ್ದರೆ ನಿಮ್ಮ ಮನೆಯವರು ಸುಮ್ಮನೆ ಮಲಗಿರುತ್ತಿರಲಿಲ್ಲ, ಕಿರುಚಿ ಓಣಿ ಕೂಡಿಸುತ್ತಿದ್ದರು ಎಂದು ಗಂಭೀರವಾಗಿ ಹೇಳಿದರು. ನನಗೆ ಆಶ್ಚರ್ಯವಾದದ್ದು ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ದಿನಾ ಗಿರಾಕಿಗಳಿಗೆ ಹೇಳುವುದೇ ಅವರ ಉದ್ಯೋಗ. ಆ ಮಾತನ್ನು ಪರವೂರಿನವರೆಲ್ಲ ನಂಬಿದ್ದಾರೆ, ಹೇಳುವವರೊಬ್ಬರೇ ನಂಬಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತೆವು. ಹೆದ್ದಾರಿ ದಾಟಿದ ಮೇಲೆ ಅವರು ತಮ್ಮ ಅಂಗೈ ತಾವೇ ನೋಡಿಕೊಳ್ಳುತ್ತಾ ಮೆಲ್ಲಗೆ ಕೇಳಿದರು.

"ಅಂದ್ರ, ನನ್ನ ಕೈ ಚಲೋ ಅದಾವ?"

ಚಲೋ ಅದಾವ್ರಿ ಅಂದೆ. ಮುಂದಿನ ಸೀಟಿನ ಅಜ್ಜಿ ಹಿಂದಿರುಗಿ ನೋಡಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪೇಟೆಯ ಮನುಷ್ಯನಿಗೆ ಮಾಲು ಆವಕ ಆಯಿತೋ ಇಲ್ಲವೋ ನೋಡುವ ಚಟ ಹೋಗುವುದಿಲ್ಲ. ಹಾಸಿಗೆ ಕೋಣೆಗೆ ವಾಪಸ್ಸು ಬಂತು, ಜೊತೆಗೆ ಒಂದು ಹೊಸ ಪ್ರಶ್ನೆಯೂ ಬಂತು: ಇವತ್ತು ಆಯಿತೋ? ಆದ ದಿನ ಅವರು ಮಾಲು ಟಾಪ್ ರೇಟಿಗೆ ಹೋದ ರೈತನ ಹಾಗೆ ಓಣಿಯಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದರು. ಆಗದ ದಿನ ನನ್ನ ಮುಖ ನೋಡಿ, ಎಲ್ಲಿ ಕಡಿಮೆಯಾಯಿತು ಎಂದು ವಿಚಾರಣೆ. ಮೊದಲು ನೀರು ಬಂದದ್ದಕ್ಕೆ ಚಿಂತೆ, ಈಗ ಬರದಿದ್ದಕ್ಕೆ ಚಿಂತೆ. ಮಳೆಯ ಜೊತೆ ಕೂಡ ನಮ್ಮ ಜನ ಹೀಗೇ ಜಗಳ ಆಡುವುದು.

ಕೊನೆಗೊಂದು ದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅಂದುಬಿಟ್ಟೆ.

"ಇದು ನಿಮ್ಮ ಪ್ಯಾಟಿ ಟೆಂಡರ್ ಅಲ್ರಿ. ನೀವು ಹಿಂಗ ಕಾಯ್ಕೋತ ಕುಂತ್ರ ನನಗ ಪರೀಕ್ಷಾ ಬರದಂಗ ಆಗತೈತಿ."

ಅವರು ತುತ್ತು ಕೈಯಲ್ಲೇ ಹಿಡಿದು, ಆಯಿತು ಎಂದರು. ಸಂಜೆಗೆ ಹಾಸಿಗೆ ಮತ್ತೆ ಪಡಸಾಲೆಗೆ ಹೋಯಿತು. ಈ ಸಲದ ಕಾರಣ ಸೊಂಟವಲ್ಲ, ಕ್ರಿಕೆಟ್ಟು. ನನಗೆ ಬೇಕಾದದ್ದು ಅವರು, ಅವರ ಲೆಕ್ಕವಲ್ಲ. ಅದನ್ನು ನಾನು ಸರಿಯಾಗಿ ಹೇಳಿರಲಿಲ್ಲ. ಒಂದು ವಾರ ಕ್ರಿಕೆಟ್ ಇಲ್ಲದ ದಿನವೂ ಪಡಸಾಲೆಯಲ್ಲಿ ಕ್ರಿಕೆಟ್ ನಡೆಯಿತು.

ಇವತ್ತು ಅತ್ತೆಯವರಿಗೆ ಮಂಡಿ ಹಿಡಿದಿತ್ತು, ಮಾಳಿಗೆ ಹತ್ತಲಿಲ್ಲ. ನೀರು ಕುಡಿದ ಕೌದಿಯ ಒಂದು ತುದಿ ಹಿಡಿದು ನಾನು ನಿಂತಿದ್ದಾಗ ಮನೆಯವರು ಮೇಲೆ ಬಂದು ಇನ್ನೊಂದು ತುದಿ ಹಿಡಿದರು. ಇಷ್ಟು ವರ್ಷ ಹೊದ್ದ ಕೌದಿಯನ್ನು ಅವರು ಹಿಂಡಿದ್ದು ಇದೇ ಮೊದಲು. ಇಬ್ಬರೂ ಒಂದೇ ದಿಕ್ಕಿಗೆ ತಿರುವಿದೆವು. ಕೌದಿ ಸುಮ್ಮನೆ ಉರುಳಿತು, ಒಂದು ಹನಿ ಇಳಿಯಲಿಲ್ಲ. ನೀವು ಆ ಕಡೆ ತಿರುವಿರಿ ಅಂದೆ. ತಿರುವಿದರು. ಅವರ ಕಾಲ ಮೇಲೇ ನೀರು ಸುರಿಯಿತು.

ನಾನು ಈಗಲೇ ಕೇಳಿಬಿಡೋಣವೆಂದು, ನಿಮಗೇನು ಚಲೋ ಅನಿಸುತ್ತದೆ ಎಂದು ಕೇಳಿದೆ. ನನ್ನನ್ನು ಆ ಡಾಕ್ಟರು ಕೇಳಿದ್ದರು, ಇವರನ್ನು ಯಾರೂ ಕೇಳಿರಲಿಲ್ಲವಲ್ಲ. ಅವರು ಪಕ್ಕದ ಆಪಾ ಅವರ ಮಾಳಿಗೆ ಖಾಲಿ ಇದೆಯೋ ಎಂದು ಮೊದಲು ನೋಡಿದರು.

"ನೀ ಲೈಟ್ ಆರಸ್ತಿ. ನನಗ ನಿನ್ನ ಮಾರಿ ನೋಡಬೇಕಂತ ಅನಸತೈತಿ. ಕತ್ತಲದಾಗ ನಿನಗ ಚಲೋ ಆತೋ ಇಲ್ಲೋ ಹೆಂಗ ಗೊತ್ತಾಗಬೇಕು? ಅದಕ್ಕ ಕೇಳತಿದ್ದೆ."

ಜೀರೋ ಬಲ್ಬು ಸಾಕೋ ಟ್ಯೂಬ್‌ಲೈಟೇ ಬೇಕೋ ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಸಣ್ಣ ದೀಪ ಇರಲಿ ಅಂದೆ. ಆಯಿತೋ ಇಲ್ಲವೋ ಅನ್ನುವ ಮಾತು ಮಾತ್ರ ಬೇಡ ಅಂದೆ. ಬೇಡ ಅಂದರು. ಕೌದಿ ತಂತಿಯ ಮೇಲೆ ಹಾಕಿ ಇಳಿದೆವು.

ಸಂಜೆ ಪೇಟೆಯಿಂದ ಬಂದವರು ನಾನು ಹಿತ್ತಲಿನಲ್ಲಿದ್ದಾಗ ಅಡುಗೆಮನೆಗೆ ಹೋಗಿ, ಕಡಲೆಹಿಟ್ಟು ಎಲ್ಲಿದೆ ಎಂದು ನೇರವಾಗಿ ತಾಯಿಯನ್ನೇ ಕೇಳಿದ್ದಾರೆ. ಮಗನಿಗೆ ಭಜಿ ತಿನ್ನುವ ಆಸೆಯಾಗಿದೆ ಎಂದು ಅತ್ತೆಯವರು ಮಂಡಿನೋವು ಮರೆತು ಎಣ್ಣೆ ಇಟ್ಟಿದ್ದಾರೆ. ನಾನು ಒಳಗೆ ಬಂದಾಗ ಒಲೆಯ ಮುಂದೆ ಅವರು ಹಿಟ್ಟು ಕಲಸುತ್ತಿದ್ದರು, ಬಚ್ಚಲಿನಲ್ಲಿ ಅವರ ಮಗ ಉಳಿದ ಹಿಟ್ಟಿನಲ್ಲಿ ಕೈ ತಿಕ್ಕುತ್ತಿದ್ದರು.

ಊಟಕ್ಕೆ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಕೆಂಪು ಚಟ್ನಿ, ಮಿರ್ಚಿ ಭಜಿ. ಅತ್ತೆಯವರು ಐದು ತಿಂದು ಮೊದಲು ಮಲಗಿದರು. ಹಾಸಿಗೆ ಕೋಣೆಗೆ ಬಂತು. ಒಂದು ಟವೆಲ್, ಒಂದು ತಂಬಿಗೆ ನೀರು, ಸಣ್ಣ ದೀಪ. ಆಮೇಲೆ ಮಲಗಿದವರು ಮನೆಯವರು, ಏನನ್ನೂ ಕೇಳದೆ. ನಾನು ಕೊನೆಗೆ.