ಉಪ್ಪಿನ ಗೋಡೆಯ ಏಡಿಗಳು

ತಂಗಿಯ ಮಗಳು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಾಗಲೆಲ್ಲ ನಾನು ಮೊದಲು ಅವಳು ಬರೆದ ಚಿತ್ರ ನೋಡುವುದಿಲ್ಲ, ಅವಳ ಕಾಲು ನೋಡುತ್ತೇನೆ. ನಾಲ್ಕು ಮಹಡಿ ಎತ್ತರದಲ್ಲಿ, ಕ್ರೇನಿನ ತುದಿಯ ಕಬ್ಬಿಣದ ಪಂಜರದೊಳಗೆ, ಬಣ್ಣ ಸಿಡಿದ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ನಿಂತಿರುತ್ತಾಳೆ. ಕೊಚ್ಚಿ, ಪುಣೆ, ಶಿಲ್ಲಾಂಗ್. ಆಮೇಲೆ ಪೋರ್ಚುಗಲ್ಲಿನ ಯಾವುದೋ ಬಂದರು. ಎಲ್ಲಿ ಆರ್ಟ್ ಫೆಸ್ಟಿವಲ್ ಇದೆಯೋ ಅಲ್ಲಿ ಅವಳಿಗೊಂದು ಗೋಡೆ. ಟಿಕೆಟ್ ಅವರೇ ಕಳಿಸುತ್ತಾರೆ, ಬಣ್ಣ ಅವರೇ ಕೊಡುತ್ತಾರೆ, ಕೊನೆಯಲ್ಲಿ ಚಪ್ಪಾಳೆ ಬೇರೆ. ನಾನು "ಲವ್ಲಿ, ಮೈ ಡಿಯರ್" ಎಂದು ಟೈಪ್ ಮಾಡಿ, ಒಂದು ಹಾರ್ಟ್ ಒತ್ತಿ, ಫೋನನ್ನು ಮಗುಚಿ ಇಡುತ್ತೇನೆ. ಕಾರವಾರದ ನನ್ನ ಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಅಂಥ ದಿನ ಅದೂ ಬೇಜಾರು.

ಫ್ರ್ಯಾಂಕ್ಲಿ ಹೇಳಿಬಿಡುತ್ತೇನೆ, ಇದು ಹೊಟ್ಟೆಕಿಚ್ಚು. ಕಾನ್ವೆಂಟಿನಲ್ಲಿ ನಮಗೆ ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರೇ ಮಾರಲ್ ಸೈನ್ಸ್ ಕೂಡ ತೆಗೆದುಕೊಳ್ಳುತ್ತಿದ್ದರು. ಬೆರಳು ಮಡಚಿ ಪಾಪಗಳನ್ನು ಎಣಿಸುವಾಗ, ಹೊಟ್ಟೆಕಿಚ್ಚಿಗೆ, ಅವರ ಮಾತಿನಲ್ಲಿ ಎನ್‌ವಿಗೆ ಬಂದ ಕೂಡಲೇ ಅವರ ಕಣ್ಣು ನನ್ನ ಮೇಲೆ ಬೀಳುತ್ತಿತ್ತು. ಪಕ್ಕದ ಹುಡುಗಿಯ ಫಾರಿನ್ ಕಲರ್ ಬಾಕ್ಸನ್ನು ನಾನು ಹೇಗೆ ನೋಡುತ್ತೇನೆಂದು ಅವರಿಗೆ ಗೊತ್ತಿತ್ತು. ಆ ಬಾಕ್ಸಿಲ್ಲದೆಯೂ ನಾನೇ ಚೆನ್ನಾಗಿ ಬರೆಯುತ್ತೇನೆಂಬುದೂ ಗೊತ್ತಿತ್ತು. ಮೆಟ್ರಿಕ್ ವರ್ಷ ನಾನು ಬರೆದ ಸ್ಟಿಲ್ ಲೈಫ್ ಒಂದಿತ್ತು: ಪಿಂಗಾಣಿ ತಟ್ಟೆ, ಎರಡು ಬಂಗಡೆ, ಅರ್ಧ ಕತ್ತರಿಸಿದ ನಿಂಬೆಹಣ್ಣು. ಅದನ್ನು ನೋಡಿ ಸಿಸ್ಟರ್ ಅಂಕೋಲೆಯಿಂದ ನನ್ನ ಅಪ್ಪನನ್ನು ಕರೆಸಿದರು.

ಅಪ್ಪ ಗದ್ದೆಯ ಕೆಲಸ ಬಿಟ್ಟು ಬಂದವರು, ಕಾನ್ವೆಂಟಿಗೆ ಬಂದವರನ್ನು ಕೂರಿಸುವ ಪಾರ್ಲರಿನಲ್ಲಿ ಕುರ್ಚಿಯ ತುದಿಗೆ ಛತ್ರಿ ಹಿಡಿದು ಕೂತಿದ್ದರು. ಬೊಂಬಾಯಿಯಲ್ಲಿ ಆರ್ಟ್ ಸ್ಕೂಲಿದೆ, ಹುಡುಗಿಯರಿಗೆ ಹಾಸ್ಟೆಲ್ ಇದೆ, ಬೇಕಾದ ಲೆಟರ್ ನಾನು ಕೊಡುತ್ತೇನೆ ಎಂದರು ಸಿಸ್ಟರ್. ಅಪ್ಪ ವಿನಯದಿಂದಲೇ ಕೇಳಿದರು: "ಚಿತ್ರ ಬರಿಯೂಕೆ ಬೊಂಬಾಯಿ ಎಂತಕೆ ಸಿಸ್ಟರ್? ನಮ್ಮನೇಲಿ ಗೋಡೆ ಇಲ್ವಾ?"

ಸಿಸ್ಟರ್ ನಕ್ಕರು. ಅಪ್ಪನೂ ನಕ್ಕರು. ಇಬ್ಬರೂ ನಕ್ಕ ಮೇಲೆ ನಾನೂ ನಗಬೇಕಾಯಿತು.

ಮನೆಯಲ್ಲಿ ಗೋಡೆ ಇತ್ತು ನಿಜ. ಮಳೆಗಾಲ ಕಳೆದು ತುಳಸಿ ಲಗ್ನ ಹತ್ತಿರ ಬಂದಾಗ ಅಜ್ಜಿ ಎದುರಿನ ಗೋಡೆಗೂ ತುಳಸಿಕಟ್ಟೆಗೂ ಕೆಮ್ಮಣ್ಣು ಬಳಿಯುತ್ತಿದ್ದಳು. ಅದು ಒಣಗಿದ ಮೇಲೆ ನಾವು ಹುಡುಗಿಯರು ಶೇಡಿ ಕಲಸಿ, ಅಂದರೆ ಬಿಳಿ ಜೇಡಿಯನ್ನು ನೀರಿನಲ್ಲಿ ನೆನೆಸಿ, ಜಜ್ಜಿದ ತೆಂಗಿನ ನಾರಿನ ಕುಂಚದಿಂದ ಅದರ ಮೇಲೆ ಚಿತ್ರ ಬರೆಯಬೇಕು. ಆದರೆ ಇದಕ್ಕೆಲ್ಲ ಮೊದಲು ಅಜ್ಜಿಯದೊಂದು ಕ್ರಮವಿತ್ತು. ಕೂತು, ಬಗ್ಗಿ, ಗೋಡೆಯ ಬುಡಕ್ಕೆ ನಾಲಿಗೆ ತಾಗಿಸುವುದು. ನಮ್ಮದು ಕಡಲ ಬದಿಯ ಊರು. ಗೋಡೆಯೊಳಗೆ ಉಪ್ಪು ಕೂತಿದ್ದರೆ ಮೇಲೆ ಏನು ಬಳಿದರೂ ನಿಲ್ಲುವುದಿಲ್ಲ. ಉಪ್ಪು ಹತ್ತಿತೋ, ಬಾವಿಯ ಸಿಹಿನೀರು ಹೊಯ್ದು ಹೊಯ್ದು ಮೂರು ದಿನ ತೊಳೆಯಬೇಕು. "ಕಣ್ಣಿಗೆ ಕಾಣದ್ದು ನಾಲ್ಗೆಗೆ ತಿಳೀತದೆ" ಎನ್ನುತ್ತಿದ್ದಳು. ಕಾನ್ವೆಂಟಿನ ಗೆಳತಿಯರು ಯಾರಾದರೂ ನೋಡಿಬಿಟ್ಟರೆ ಎಂದು ನನಗೆ ಪ್ರಾಣ ಹೋಗುತ್ತಿತ್ತು.

ಆ ವರ್ಷ ಸಿಟ್ಟಿನಲ್ಲಿ ನಾನು ಶಂಖ ಬರೆಯಲಿಲ್ಲ, ಕಮಲ ಬರೆಯಲಿಲ್ಲ. ಕಟ್ಟೆಯ ನಾಲ್ಕೂ ಮೂಲೆಗೆ ಒಂದೊಂದು ಏಡಿ ಬರೆದೆ. ಮುಂಗಾಲಿನ ಒಂದು ಕೊಂಬು ಸಣ್ಣದು, ಇನ್ನೊಂದು ದೊಡ್ಡದಾಗಿ ಮೇಲೆದ್ದು, ಯಾರನ್ನೋ ಹಿಡಿಯುವ ಹಾಗೆ ಒಳಗೆ ಬಾಗಿದ್ದು. ಅಜ್ಜಿ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ತುಳಸಿ ಮದೀಗೆ ಏಡಿ ದಿಬ್ಬಣ ಬರ್ತದ್ಯನೇ?"

"ಬರ್ತದೆ. ಹೊಳೆ ಕಡಿಂದ."

"ಅಡ್ಡಿಲ್ಲ ಬಿಡು. ಊಟಕ್ಕೊಂದು ಹಾಕುವಾ" ಎಂದು ನಕ್ಕು ಒಳಗೆ ಹೋದಳು.

ಆಮೇಲೆ ಪ್ರತಿ ವರ್ಷವೂ ಏಡಿಯೇ. ನಾನು ಬಿ.ಎ. ಮಾಡಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರಾದೆ. ಮದುವೆಯಾಗಿ ಕೆಲವು ವರ್ಷ ಕದ್ರಾದ ಪವರ್‌ಹೌಸ್ ಕ್ವಾರ್ಟರ್ಸಿನಲ್ಲಿದ್ದೆ. ಅಲ್ಲಿನ ಅಡುಗೆಮನೆಯ ಗೋಡೆಗೂ ಏಡಿ ಬರೆದಿದ್ದೆ. ಮನೆ ಬಿಡುವಾಗ ಗಂಡ ತಾವೇ ನಿಂತು ಸುಣ್ಣ ಹೊಡೆಸಿದರು. ತುಳಸಿ ಲಗ್ನಕ್ಕೆ ಮಾತ್ರ ಅಂಕೋಲೆಗೆ ಹೋಗುವುದು ತಪ್ಪಿಸಲಿಲ್ಲ. ತಂಗಿಯ ಮಗಳು ಕೈಗೂಸಾಗಿದ್ದಾಗ ಆ ಕಟ್ಟೆಯ ಮೇಲೆ ಕೂತು ತೆಗೆಸಿಕೊಂಡ ಫೋಟೋದಲ್ಲಿ, ಅವಳ ಕಾಲಿನ ಪಕ್ಕ, ನನ್ನದೊಂದು ಏಡಿ ಇದೆ. ಪ್ರತಿ ಮಳೆಗಾಲ ಅವನ್ನು ತೊಳೆದುಕೊಂಡು ಹೋಗುತ್ತಿತ್ತು, ನಾನು ಮತ್ತೆ ಬರೆಯುತ್ತಿದ್ದೆ. ಕಟ್ಟೆಗೆ ತಂಗಿ ಟೈಲ್ಸ್ ಹಾಕಿಸಿದ ಮೇಲೆ ಅದೂ ನಿಂತಿತು.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ತಂಗಿಯ ಮಗಳ ಫೋನು. "ದೊಡ್ಡಾಯಿ, ಈ ಸಲ ಫೆಸ್ಟಿವಲ್ ನಮ್ಮ ಊರಿಗೇ ಬಂತು! ಬೇಲೆಕೇರೀಲಿ ನಂಗೆ ಗೋಡೆ ಕೊಟ್ಟಿದ್ರು. ನೀ ಬರ್ಲೇಬೇಕು."

ಹೋದೆ. ತಂಗಿ ಅಂಕೋಲೆಯ ಮನೆಯ ಬಾಗಿಲಲ್ಲೇ ನನ್ನನ್ನು ಓದಿಬಿಟ್ಟಳು. "ಎಂತಾ ಅಕ್ಕಾ, ಮುಖ ಹುಳಿ ಮುರುಗಲು ಹಣ್ಣು ತಿಂದಂಗೆ ಮಾಡ್ಕಂಡೆ? ನನ್ ಮಗಳು ಬಂದದ್ದು ನಿಂಗೆ ಖುಷಿ ಇಲ್ವಾ?"

"ಬಸ್ಸಲ್ಲಿ ತಲೆ ತಿರುಗ್ತು" ಎಂದೆ.

ಬೇಲೆಕೇರಿಯಲ್ಲಿ ಮೀನು ಒಣಗಿಸುವ ಬಯಲಿನ ಅಂಚಿಗೆ ಒಂದು ಹಳೆಯ ಗೋದಾಮು. ಹೊಸದಾಗಿ ಸಿಮೆಂಟ್ ಗಿಲಾವು ಮಾಡಿ, ಬಿಳಿ ಪ್ರೈಮರ್ ಹೊಡೆದು, ಫೆಸ್ಟಿವಲ್ಲಿನವರು ಅದನ್ನು ಮದುಮಗಳ ಹಾಗೆ ನಿಲ್ಲಿಸಿದ್ದರು. ಹುಡುಗಿ ಟ್ಯಾಬ್ ತೆರೆದು ಸ್ಕೆಚ್ ತೋರಿಸಿದಳು. ಮೇಲೆ ದೋಣಿ, ಬಲೆ, ಬುಟ್ಟಿ ಹೊತ್ತ ಹೆಂಗಸರು. ಕೆಳಗೆ ಗೋಡೆಯುದ್ದಕ್ಕೂ ಸಾಲಾಗಿ ಏಡಿಗಳು. ಒಂದು ಕೊಂಬು ಸಣ್ಣದು, ಒಂದು ದೊಡ್ಡದು.

"ಇದು ನಮ್ಮ ಕಡಿ ಟ್ರೆಡಿಷನಲ್ ಮೋಟಿಫ್ ದೊಡ್ಡಾಯಿ. ಪೋರ್ಚುಗಲ್ಲಲ್ಲೂ ಇದ್ನೇ ಹಾಕ್ದೆ. ನಮ್ಮೂರ ಹೆಂಗಸರ ಅನಾನಿಮಸ್ ಆರ್ಟ್ ಅಂತ ಹೇಳ್ದೆ ನೋಡು, ಎಲ್ರೂ ಫಿದಾ!"

ಅನಾನಿಮಸ್. ನಾನು ಅಲ್ಲೇ ಅವಳೆದುರು, ಛತ್ರಿ ಹಿಡಿದುಕೊಂಡು ನಿಂತಿದ್ದೆ. ನಾನು ಒಮ್ಮೆಯೂ ನೋಡದ ಸಮುದ್ರದ ದಡಕ್ಕೆ ನನ್ನ ಏಡಿ ಹೋಗಿ ಬಂದಿತ್ತು, ನನ್ನನ್ನು ಬಿಟ್ಟು.

ಅವಳು ಬಣ್ಣದ ಡಬ್ಬಿ ಎಣಿಸಲು ಹೋದಾಗ ನಾನು ಗೋಡೆಯ ಹತ್ತಿರ ಹೋದೆ. ಆ ಗೋದಾಮು ನನಗೆ ಗೊತ್ತು. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಉಪ್ಪು ತರಲು ಅಲ್ಲಿಗೇ ಬರುತ್ತಿದ್ದೆ. ಒಳಗೆ ಆಳೆತ್ತರ ಪೇರಿಸಿದ ಉಪ್ಪಿನ ಮೂಟೆ, ಒಣಮೀನಿನ ರಾಶಿ. ವರ್ಷಾನುಗಟ್ಟಲೆ ಆ ಗೋಡೆ ಉಪ್ಪುನೀರು ಕುಡಿದಿದೆ. ಬುಡದಲ್ಲಿ, ಪ್ರೈಮರಿನ ಅಂಚಿಗೆ, ಆಗಲೇ ಹಿಟ್ಟಿನಂಥ ಬಿಳಿ ಎದ್ದಿತ್ತು. ಆಚೀಚೆ ನೋಡಿ, ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟೆ. ಕಡಲ ಗಾಳಿಯ ಉಪ್ಪು ತುಟಿಗೆ ಹತ್ತುತ್ತದೆ ಅಷ್ಟೆ, ಗೋಡೆಯೊಳಗಿನ ಉಪ್ಪು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ಇದು ಹಿಡಿದುಕೊಂಡಿತು.

ಪೇಂಟ್ ಗೋಡೆಯ ಬಾಯಿ ಮುಚ್ಚುತ್ತದೆ. ಉಪ್ಪು ಒಳಗಿನಿಂದ ತಳ್ಳುತ್ತದೆ. ಮಳೆಗಾಲ ಬರುವಷ್ಟರಲ್ಲಿ ಚಿತ್ರ ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಕೈ ಒರೆಸಿಕೊಂಡು, "ವೆರಿ ನೈಸ್ ವಾಲ್" ಎಂದೆ.

ಎರಡು ದಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತ ಕೂತೆ. ಮೀನು ಒಣಗಿಸುವ ಹೆಂಗಸರು ಅವಳಿಗೆ ಎಳನೀರಿನ ಬೊಂಡ ಕೆತ್ತಿ ಕೊಡುತ್ತಿದ್ದರು. ಕ್ಯಾಮೆರಾ ಹಿಡಿದವರು ಅವಳ ಸುತ್ತ ತಿರುಗುತ್ತಿದ್ದರು. ಅವಳು ಏಣಿ ಹತ್ತುವುದು ನೋಡಿದರೆ ಏಣಿಗೇ ಮಾಲೀಕಳು ಎನ್ನಬೇಕು. ಬೀಳಲಿ, ಎಲ್ಲ ಬೀಳಲಿ ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು. ಅದು ನಾನೇ, ಇನ್ನಾರೂ ಅಲ್ಲ.

ಮೂರನೆಯ ದಿನ ಅವಳು ಕೆಳಗಿನ ಏಡಿ ಶುರುಮಾಡಿದಳು. ಒಂದು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಬಂದು ನನ್ನ ಪಕ್ಕ ನೆಲಕ್ಕೆ ಕೂತು, "ಈ ದೊಡ್ಡ ಕೊಂಬು ನಂಗೆ ಸರಿಯಾಗಿ ಬರೂದೇ ಇಲ್ಲ ನೋಡು. ಎಲ್ಲಿ ಬರೆದ್ರೂ ಇಲ್ಲೇ ಕೈ ತಪ್ತದೆ" ಎಂದಳು. ಕೂರುವಾಗ ಗೋಡೆಗೆ ಕೈಯೂರಿದ್ದಳು. ಅಂಗೈಯೆಲ್ಲ ಬಿಳಿ ಹಿಟ್ಟು. ಅದೇನೆಂದು ನೋಡದೆ ಜೀನ್ಸಿಗೆ ಒರೆಸಿದಳು. ಅಂಕೋಲೆಯಲ್ಲಿ ಹುಟ್ಟಿದ ಹುಡುಗಿ! ಆಗ ಹೊಳೆಯಿತು: ಇವಳಿಗೆ ಹೇಳಿಕೊಟ್ಟವರು ಯಾರು? ಅಜ್ಜಿ ಇವಳು ಹುಟ್ಟುವ ಮೊದಲೇ ಹೋಗಿದ್ದಳು. ಗೋಡೆ ನೆಕ್ಕುವುದು ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ನಾನು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ.

ಆದರೂ ನಾನು ಬಾಯಿ ಬಿಟ್ಟದ್ದು ಅವಳ ಮೇಲಿನ ಮಮತೆಯಿಂದ ಎಂದರೆ ಸುಳ್ಳಾಗುತ್ತದೆ. ಏಡಿ ನನ್ನದು. ಅವಳ ತಪ್ಪು ಕೊಂಬಿನ ಸಮೇತ ಅದು ಸಿಪ್ಪೆ ಸಿಪ್ಪೆಯಾಗಿ ಉದುರುವುದು ನನಗೆ ಬೇಡವಾಗಿತ್ತು.

"ಈ ಗೋಡೆ ಮೇಲೆ ಬಣ್ಣ ನಿಲ್ಲೂದಿಲ್ಲ" ಎಂದೆ. "ನೆಕ್ಕಿ ನೋಡು."

"ಎಂತ? ದೊಡ್ಡಾಯಿ, ನಿಂಗೆ ಬಿಸಿಲು ತಾಗ್ತಾ?"

ನಾನು ಎದ್ದು, ಸೀರೆ ಸಾವರಿಸಿ, ಬಗ್ಗಿ, ಎಲ್ಲರ ಎದುರೇ ಗೋಡೆಗೆ ನಾಲಿಗೆ ತಾಗಿಸಿದೆ. ಮೀನಿನ ಹೆಂಗಸರು ಬಿದ್ದು ಬಿದ್ದು ನಕ್ಕರು. "ಅಕ್ಕೋರೇ, ಹಸಿವಾದ್ರೆ ಹೇಳಿ, ಗಂಜಿ ಅದೆ!" ಹುಡುಗಿಯೂ ನಗುತ್ತಲೇ ಬಂದು ನಾಲಿಗೆ ಇಟ್ಟಳು. ನಗು ನಿಂತಿತು. ಉಗುಳಿದಳು.

"ನಿಂಗೆ ಇದು ಯಾವಾಗ ಗೊತ್ತಾಯ್ತು?"

"ಮೊನ್ನೆ. ಬಂದ ದಿನ."

"ಎಂತಕೆ ಹೇಳ್ಲಿಲ್ಲ?"

"ಆ ಏಡಿ ಅನಾನಿಮಸ್ ಅಲ್ಲ. ನಾ ಬರ್ದದ್ದು. ಅಪ್ಪ ನನ್ನ ಬೊಂಬಾಯಿಗೆ ಕಳ್ಸದೆ ಇದ್ದ ವರ್ಷ."

ಅವಳು ಕುಂಚವನ್ನು ಡಬ್ಬಿಯೊಳಗೆ ಎಸೆದಳು. "ನನ್ ಹತ್ರ ಇದ್ದದ್ದೇ ಎಂಟು ದಿನ ದೊಡ್ಡಾಯಿ. ಅದ್ರಲ್ಲಿ ಎರಡು ನೀ ತಿಂದೆ" ಎಂದು ಹೇಳಿ ಗೋಡೆಯ ಆಚೆ ಬದಿಗೆ ಹೋದಳು. ಆ ರಾತ್ರಿ ಮನೆಯಲ್ಲಿ ಮೂವರೂ ಊಟಕ್ಕೆ ಕೂತೆವು. ತಂಗಿ ನನ್ನ ಬಟ್ಟಲಿಗೆ ಸಾರು ಬಡಿಸಿದ ಸದ್ದೇ ಬೈಗುಳದ ಹಾಗಿತ್ತು.

ಬೆಳಿಗ್ಗೆ ಚಹಾ ಕುಡಿಯುವಾಗ ಹುಡುಗಿ, ನನ್ನ ಮುಖ ನೋಡದೆ, "ನಿಮ್ಮಜ್ಜಿ ಎಂತ ಮಾಡ್ತಿದ್ರು?" ಎಂದು ಕೇಳಿದಳು.

ಹೇಳಿದೆ. ಉಪ್ಪು ಇರುವುದು ಮೂಟೆ ಪೇರಿಸಿದ ಎತ್ತರದವರೆಗೆ ಮಾತ್ರ. ಅದರ ಮೇಲಿನ ಗೋಡೆಯನ್ನು ಅವಳು ಏಣಿ ಹತ್ತಿ ನೆಕ್ಕಿ ನೋಡಿದಳು, ಸಪ್ಪೆ. ಮೇಲಿನ ಅವಳ ಪೇಂಟಿಂಗ್ ಹಾಗೇ ಇರಲಿ, ಕೆಳಗಿನ ಪ್ರೈಮರ್ ಕೆರೆದು, ಮೂರು ದಿನ ಸಿಹಿನೀರಲ್ಲಿ ತೊಳೆದು, ಕೆಮ್ಮಣ್ಣು ಬಳಿಯುವುದು ಎಂದಾಯಿತು. ಮಣ್ಣು ಗೋಡೆಯ ಬಾಯಿ ಮುಚ್ಚುವುದಿಲ್ಲ. ಉಪ್ಪು ಹೊರಗೆ ಬಂದರೆ ಕೈಯಿಂದ ಕೊಡವಿದರಾಯಿತು. ಆದರೆ ಮೊದಲ ಮಳೆಗೆ ಎಲ್ಲ ಹೋಗುತ್ತದೆ, ಅದನ್ನೂ ಹೇಳಿದೆ.

"ಹಂಗಾರೆ ಕೆಳಗಿಂದು ನೀನೇ ಬರಿ. ನಿಂದೇ ಅಲ್ವಾ" ಎಂದಳು. ಪ್ರೀತಿಯಿಂದ ಹೇಳಲಿಲ್ಲ. ನಾನು ಕ್ಲಾಸಿನಲ್ಲಿ ಇಂಪೊಸಿಷನ್ ಕೊಡುತ್ತಿದ್ದ ದನಿಯಲ್ಲೇ ಹೇಳಿದಳು.

ಕೊನೆಯ ಎರಡು ದಿನ ಪ್ಲಾಸ್ಟಿಕ್ ಸ್ಟೂಲನ್ನು ಅಡಿ ಅಡಿ ಸರಿಸುತ್ತ ಇಪ್ಪತ್ತಮೂರು ಏಡಿ ಬರೆದೆ. ಮಂಡಿ ಹಿಡಿದುಕೊಂಡಿತು, ಗೆರೆ ಮಾತ್ರ ತಪ್ಪಲಿಲ್ಲ. ಎಂಟನೆಯ ಏಡಿಯ ಹೊತ್ತಿಗೆ ಅವಳು ಏಣಿಯಿಂದಿಳಿದು ನನ್ನ ಹಿಂದೆ ನಿಂತಳು. "ಓ, ನೀ ಕೊಂಬನ್ನ ಒಳಗಿಂದ ಹೊರಗೆ ಎಳೀತೆ!" ಎಂದಳು. ನಾನು ಮುಂದಿನ ಏಡಿಗೆ ಸ್ಟೂಲು ಸರಿಸಿದೆ. ಅವಳಿಗೆ ಬರದ್ದೊಂದು ನನಗೆ ಬರುತ್ತದೆ ಎಂಬ ಸುಖವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳೋಣ ಎನಿಸಿತು. ಆಮೇಲೆ ಕುಂಚ ಅವಳ ಕೈಗೆ ಕೊಟ್ಟು, ಒಂದನ್ನು ಬರೆಸಿದೆ. ಕೆಟ್ಟದಾಗಿ ಬರಲಿಲ್ಲ.

ಉದ್ಘಾಟನೆಯ ದಿನ ಮೈಕಿನಲ್ಲಿ ಅವಳ ಹೆಸರು ಕರೆದರು. ನನ್ನನ್ನು "ಸ್ಥಳೀಯ ಮಹಿಳೆಯರ ಸಹಭಾಗಿತ್ವ" ಎಂದರು. ಅವಳು ಅದನ್ನು ಕೇಳಿಸಿಕೊಂಡು ಸೀದಾ ನನ್ನ ಹತ್ತಿರ ಬಂದು ಕುಂಚ ಹಿಡಿಸಿದಳು. "ಸೈನ್ ಮಾಡು, ಎಲ್ರಿಗೂ ಕಾಣೂ ಹಾಗೆ." ಕೊನೆಯ ಏಡಿಯ ಪಕ್ಕ ಶೇಡಿಯಲ್ಲಿ ಸೈನ್ ಮಾಡಿದೆ, ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ, ಬಾಲ ಎಳೆದು.

ಜೂನ್ ಬಂತು. ಏಡಿಯೂ ಹೋಯಿತು, ಸಹಿಯೂ ಹೋಯಿತು. ಹೋಗುತ್ತದೆಂದು ಹೇಳಿದವಳು ನಾನೇ. ಆದರೂ ಮಳೆ ಬಿಟ್ಟ ಮೇಲೆ ತಂಗಿ ಕಳಿಸಿದ ಫೋಟೋದಲ್ಲಿ ಮೇಲಿನ ದೋಣಿ, ಬಲೆ, ಹೆಂಗಸರು ಚೂರೂ ಮಾಸದೆ ನಿಂತದ್ದು ನೋಡಿ ಎದೆಯಲ್ಲಿ ಹಳೆಯ ಕಿಚ್ಚು ಚುರುಕ್ ಎಂದಿತು. ಆ ಹೊತ್ತಿಗೆ ಹುಡುಗಿ ಇನ್ನಾವುದೋ ಊರಿನ ಕ್ರೇನಿನ ಮೇಲಿದ್ದಳು.

ತುಳಸಿ ಲಗ್ನಕ್ಕೆ ವಾರವಿದೆ ಎನ್ನುವಾಗ ತಂಗಿಯ ಫೋನು. "ಅಕ್ಕಾ, ಬೇಲೆಕೇರಿ ಹೆಂಗಸ್ರು ಕೇಳ್ತಿದ್ರು. ಗೋಡೆ ತೊಳ್ದು ಇಟ್ಟಾರಂತೆ. ಅಕ್ಕೋರು ಏಡಿ ಬರಿಯೂಕೆ ಯಾವಾಗ ಬರ್ತ್ರು ಅಂತ."

ಶೇಡಿಯ ಚೀಲ, ಕುಂಚ, ಸ್ಟೂಲು ಹಿಡಿದು ಹೊರಟೆ. ಕಾರವಾರದಿಂದ ಅಂಕೋಲೆ, ಅಲ್ಲಿ ಬಸ್ಸು ಬದಲಿಸಿ ಬೇಲೆಕೇರಿ. ಟಿಕೆಟ್ ಯಾರೂ ಕಳಿಸಲಿಲ್ಲ, ಗಂಜಿ ಮಾತ್ರ ಇತ್ತು. ಮೂರು ದಿನಕ್ಕೆ ಮುಗಿಯಿತು. ಸೈನ್ ಮಾಡಿ, ಒಬ್ಬ ಹೆಂಗಸಿನ ಕೈಗೆ ಫೋನು ಕೊಟ್ಟು, ಏಡಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಹೇಗೆ ಹಿಡಿಯಬೇಕೆಂದು ಅವಳಿಗೆ ಮೊದಲೇ ಹೇಳಿಕೊಟ್ಟಿದ್ದೆ. ಹುಡುಗಿಗೆ ಕಳಿಸಿದೆ. ಕೂಡಲೇ ಉತ್ತರ ಬಂತು.

"ಲವ್ಲಿ ದೊಡ್ಡಾಯಿ! ಮೇಲಿಂದು ಎಲ್ಲಿ?"

"ಫ್ರೇಮಲ್ಲಿ ಹಿಡೀಲಿಲ್ಲ, ಮೈ ಡಿಯರ್" ಎಂದು ಬರೆದೆ.